ಮಾವನ ದಾವೂದ್, ಮೇಷ್ಟ್ರ ದಾವೀದ

ಮಾವನಿಗೆ ಕಣ್ಣಿನ ಪೊರೆ ಬಂದಿರದಿದ್ದರೆ ನಾನು ಬೈಬಲ್ ಓದುತ್ತಿರಲಿಲ್ಲ. ಅತ್ತೆಯಂತೂ ಅದನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾಗಮಂಗಲದಲ್ಲಿ ನಮ್ಮಪ್ಪನದು ಬಳೆ ಅಂಗಡಿ. ಮದುವೆಯಾಗಿ ಪಾಂಡವಪುರಕ್ಕೆ ಬಂದು ಎರಡು ವರ್ಷವಾಗಿತ್ತು. ನಾನು ಓದಿದ್ದೆಲ್ಲ ಕನ್ನಡದಲ್ಲಿ, ಬಿ.ಎ.ವರೆಗೂ. ಅರಬ್ಬಿ ಅಕ್ಷರ ಕೂಡಿಸಿಕೊಂಡು ಕುರಾನ್ ಪಠಿಸಬಲ್ಲೆ, ಆದರೆ ಉರ್ದು ಪುಸ್ತಕ ಕೊಟ್ಟರೆ ತಡವರಿಸುತ್ತಿದ್ದೆ. ಅತ್ತೆಗೆ ಇದೊಂದು ಕೊರಗು. "ಅಷ್ಟೊಂದು ಓದವ್ಳೆ, ಒಂದು ಉರ್ದು ಕಾಗದ ಓದಕ್ಕೆ ಬರಕ್ಕಿಲ್ಲ" ಎಂದು ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಮಾವ ಮಾತ್ರ ಕಬ್ಬಿನ ಗಾಡಿಯವರ ಜೊತೆ ಬದುಕಿದ ಮನುಷ್ಯ, ಅವರ ಬಾಯಲ್ಲಿ ಉರ್ದುವಿನಷ್ಟೇ ಮಂಡ್ಯದ ಕನ್ನಡವೂ ಇತ್ತು. ಕನ್ನಡ ಓದಲು ಬಾರದು, ಅಷ್ಟೆ.

ಅವರದು ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಅವರ ಅಪ್ಪನ ಕಾಲದಲ್ಲಿ ಕುಲುಮೆಯಾಗಿತ್ತು, ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದರು. ಮಾವನ ಕಾಲಕ್ಕೆ ಟ್ರಾಕ್ಟರು ಬಂದವು, ಟ್ರೈಲರ್ ಬಂದವು. ಬೆಳಿಗ್ಗೆ ಅಂಗಡಿ ತೆರೆದು ಮೊದಲ ಕಬ್ಬಿಣ ಮುಟ್ಟುವಾಗ ಬಿಸ್ಮಿಲ್ಲಾ ಎಂದು, ಆಮೇಲೆ ಹಜ್ರತ್ ದಾವೂದರಿಗೆ ಸಲಾಂ ಹೇಳುವುದು ಅವರ ಪದ್ಧತಿ. ಪೈಗಂಬರ್ ದಾವೂದರ ಕೈಯಲ್ಲಿ ಕಬ್ಬಿಣ ಮೇಣದ ಹಾಗೆ ಮೆತ್ತಗಾಗುತ್ತಿತ್ತಂತೆ, ಅವರು ಬೆಂಕಿಯಿಲ್ಲದೆ ಯುದ್ಧದ ಕವಚ ಹೆಣೆಯುತ್ತಿದ್ದರಂತೆ. "ರಾಜ ಆಗಿದ್ರೂ ಕೈಯಾರೆ ದುಡ್ಕೊಂಡ್ ತಿಂದೋರು ಕಣಮ್ಮಾ. ನಮ್ಮ ಕಸುಬಿನೋರು" ಎಂದು ಹೇಳುವಾಗ ಮಾವನ ಮುಖದಲ್ಲಿ ನೆಂಟಸ್ತಿಕೆಯ ಹೆಮ್ಮೆ ಇರುತ್ತಿತ್ತು.

ಅಂಥ ಮಾವನ ಕಣ್ಣು ಮಂಜಾಯಿತು. ಮೈಸೂರಿನ ಒಂದು ಕಣ್ಣಾಸ್ಪತ್ರೆಗೆ ಸೇರಿಸಿದೆವು. ನಮ್ಮ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು, ಬೆಳಿಗ್ಗೆ ನನ್ನನ್ನು ಊಟದ ಕ್ಯಾರಿಯರ್ ಸಮೇತ ಅಲ್ಲಿ ಇಳಿಸಿ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಮಾವನಿಗೆ ಬಲಗಣ್ಣು ಆಪರೇಷನ್ ಆಗಿತ್ತು. ಪಕ್ಕದ ಮಂಚದಲ್ಲಿದ್ದ ಮುದುಕರಿಗೆ ಎಡಗಣ್ಣು. ಅವರು ಶ್ರೀರಂಗಪಟ್ಟಣದವರು, ನಿವೃತ್ತ ಹೆಡ್ ಮೇಷ್ಟ್ರು, ಕ್ರಿಶ್ಚಿಯನ್ನರು. ಹೆಂಡತಿ ತೀರಿಹೋಗಿದ್ದರು. ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಎರಡನೇ ದಿನ ಮಾವ ಮಲಗಿದ್ದಲ್ಲೇ ಪ್ರಾರ್ಥನೆ ಮಾಡುತ್ತಾ ಯಾಕೂಬರ ಹೆಸರು ತೆಗೆದರು. ಮಗ ಯೂಸುಫನಿಗಾಗಿ ಅತ್ತು ಅತ್ತು ಯಾಕೂಬರ ಕಣ್ಣು ಹೋಗಿತ್ತು, ಮಗನ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳಿತು ಎಂಬುದು ನಮ್ಮ ಕಥೆ. ಪಕ್ಕದಿಂದ ಮೇಷ್ಟ್ರ ದನಿ ಬಂತು.

"ಯಾಕೋಬನ ಕಣ್ಣು ಮರಳಿ ಬಂದದ್ದು ನಮ್ಮ ಗ್ರಂಥದಲ್ಲಿ ಇಲ್ವಲ್ಲ ಸಾಹೇಬ್ರೇ."

"ಇಲ್ವಾ? ಅಂಗಿ ಇಲ್ವಾ?"

"ಅಂಗಿ ಇದೆ. ಅಣ್ಣಂದಿರು ರಕ್ತ ಹಚ್ಚಿ ತಂದು ತೋರಿಸ್ತಾರಲ್ಲ, ಆ ಅಂಗಿ."

"ಅದು ಮೊದಲ್ನೇ ಅಂಗಿ ಕಣ್ರೀ. ನಮ್ಮಲ್ಲಿ ಮೂರು ಅವೆ. ರಕ್ತದ್ದೊಂದು, ಆ ಯಜಮಾನನ ಹೆಂಡ್ತಿ ಅವರ ಮೇಲೆ ಆಸೆಪಟ್ಟು ಹಿಂದ್ಗಡೆಯಿಂದ ಹರಿದಿದ್ದೊಂದು, ಕಣ್ ಕೊಟ್ಟಿದ್ದೊಂದು."

ಹೀಗೆ ಶುರುವಾಯಿತು. ಇಬ್ಬರಿಗೂ ಸೇರಿ ಎರಡೇ ಕಣ್ಣು, ಅಲುಗಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆದರೆ ಬಾಯಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ. ಆ ಐದು ದಿನ ಯೂಸುಫನ ಕಥೆಯನ್ನು ಒಬ್ಬರು ಹೇಳುವುದು, ಇನ್ನೊಬ್ಬರು ತಡೆಯುವುದು. ವಾರ್ಡಿನ ಮಿಕ್ಕ ರೋಗಿಗಳು, ಹೆಚ್ಚಿನವರು ಒಕ್ಕಲಿಗರು, "ಆಮೇಕೇನಾಯ್ತು ಸಾಬ್ರೇ? ಮೇಷ್ಟ್ರೇ, ನೀವ್ ಸುಮ್ಕಿರಿ, ಅವ್ರು ಮುಗ್ಸ್ಲಿ" ಎಂದು ನ್ಯಾಯ ಮಾಡುತ್ತಿದ್ದರು. ಬಿಡುಗಡೆಯ ದಿನ ಮೇಷ್ಟ್ರು ದಿಂಬಿನ ಕೆಳಗಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ನನ್ನ ಹೆಂಡತಿಯದಮ್ಮಾ, ದೊಡ್ಡಕ್ಷರದ್ದು. ನಿಮ್ಮ ಮಾವನವರಿಗೆ ಓದಿ ಹೇಳು. ಆಮೇಲೆ ನಾನು ಬಂದು ಸರಿಯಾಗಿ ಜಗಳ ಆಡ್ತೀನಿ."

ಮನೆಗೆ ಬಂದ ಮೇಲೆ ಮಾವನಿಗೆ ತಲೆ ಬಗ್ಗಿಸುವಂತಿಲ್ಲ, ಭಾರ ಎತ್ತುವಂತಿಲ್ಲ, ವೆಲ್ಡಿಂಗಿನ ಕಡೆ ತಿರುಗಿಯೂ ನೋಡುವಂತಿಲ್ಲ. ನಮಾಜನ್ನೂ ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದರು. ಅಂಗಡಿಯನ್ನು ಕೆಲಸಗಾರರು ನೋಡಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಹಸಿರು ಬಟ್ಟೆಯನ್ನು ಕಣ್ಣ ಮೇಲೆ ಇಳಿಬಿಟ್ಟುಕೊಂಡು ನಡುಮನೆಯ ಮಂಚದಲ್ಲಿ ಒರಗುತ್ತಿದ್ದರು. ನಾನು ಹೊಸ್ತಿಲ ಹತ್ತಿರ ಬೆಳಕಿಗೆ ಕೂತು ಓದುತ್ತಿದ್ದೆ.

ಮೊದಲ ದಿನವೇ ಮಾವ "ವುಜೂ ಮಾಡ್ಕೊಂಡ್ ಬಾ" ಎಂದರು. ಅಂದರೆ ಕೈಕಾಲು ಮುಖ ಶುದ್ಧಿ ಮಾಡಿಕೊಂಡು ಬಂದು ಪುಸ್ತಕ ಮುಟ್ಟು ಎಂದು.

ಅಡುಗೆಮನೆಯಿಂದ ಅತ್ತೆ ಕೇಳಿದರು. "ಅವರ ಕಿತಾಬು ಕೆಟ್ಟೋಗದೆ, ಮನುಷ್ಯರು ಕೈ ಹಾಕಿ ತಿದ್ದವ್ರೆ ಅಂತ ನೀವೇ ಹೇಳ್ತಿದ್ರಲ್ಲ. ಇನ್ಯಾತಕ್ಕೆ ವುಜೂ?"

"ಇದ್ರಲ್ಲಿರೋ ಮೂಸಾರ ಕಿತಾಬು, ತೌರಾತು, ಅದೂ ಅಲ್ಲಾಹ್ ಕೊಟ್ಟಿದ್ದೇ ಕಣೇ. ಯಾವ ಸಾಲು ಕೆಟ್ಟದೆ, ಯಾವ ಸಾಲು ಅಂಗೇ ಉಳ್ದದೆ ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಅದಕ್ಕೇ."

ಪುಸ್ತಕದ ಕನ್ನಡ ಹಳೆಯದು, ಗಂಭೀರ. ಹೆಸರುಗಳದ್ದೇ ಮೊದಲ ತೊಡಕು. ನಾನು ನೋಹ ಎಂದರೆ ಮಾವ "ನೂಹ್" ಎನ್ನುವರು, ಅಬ್ರಹಾಮ ಎಂದರೆ "ಇಬ್ರಾಹೀಮ್", ಮೋಶೆ ಎಂದರೆ "ನಮ್ಮ ಮೂಸಾ". ಗುರುತಿನವರು ಸಿಕ್ಕಿದಾಗ ಎದ್ದು ಕೂರುತ್ತಿದ್ದರು, ಗುರುತಿಲ್ಲದವರ ವಂಶಾವಳಿ ಬಂದಾಗ ಸಣ್ಣ ಗೊರಕೆ ಕೇಳುತ್ತಿತ್ತು. ಆರು ದಿನ ಸೃಷ್ಟಿ ಮಾಡಿ ದೇವರು ಏಳನೇ ದಿನ ವಿಶ್ರಮಿಸಿದ ಎಂದಾಗ ಕೈಯೆತ್ತಿ ತಡೆದರು. "ಅಲ್ಲಾಹನಿಗೆ ಸುಸ್ತಾಯ್ತಾ? ಆಗಕ್ಕಿಲ್ಲ. ಗುರುವಾರಕ್ಕೆ ಬರ್ದಿಟ್ಕೋ." ಗುರುವಾರ ಎಂದರೆ ಮೇಷ್ಟ್ರು ಬಸ್ಸಿನಲ್ಲಿ ಶ್ರೀರಂಗಪಟ್ಟಣದಿಂದ ಬರುವ ದಿನ. ನಾನು ಹಳೇ ನೋಟುಬುಕ್ಕಿನಲ್ಲಿ ಮಾವನ ತಕರಾರುಗಳನ್ನು ಬರೆದಿಡುತ್ತಿದ್ದೆ. ಮೇಷ್ಟ್ರು ಬಂದು ಚಹಾ ಕುಡಿದು, "ಓದಮ್ಮ ನಿನ್ನ ಚಾರ್ಜ್ ಶೀಟು" ಎನ್ನುತ್ತಿದ್ದರು.

ಇಬ್ರಾಹೀಮರು ಕನಸಿನ ಆಜ್ಞೆಯಂತೆ ಬಲಿಗೆ ಕರೆದೊಯ್ದದ್ದು ಯಾವ ಮಗನನ್ನು ಎಂಬುದಕ್ಕೆ ಎರಡು ಗುರುವಾರ ಹೋದವು. ಇಸ್ಮಾಯಿಲ್ ಎಂದು ಮಾವ, ಇಸಾಕ ಎಂದು ಮೇಷ್ಟ್ರು. "ಒಬ್ಬನೇ ಮಗ ಅಂತ ನಿಮ್ಮ ಪುಸ್ತಕದಲ್ಲೇ ಅದೆ. ಒಬ್ಬನೇ ಇದ್ದದ್ದು ಯಾವಾಗ? ದೊಡ್ಡೋನು ಹುಟ್ಟಿ ಚಿಕ್ಕೋನು ಹುಟ್ಟೋಕೆ ಮುಂಚೆ" ಎಂದು ಮಾವ ಬೆರಳು ಮಡಿಸಿ ವಾದಿಸಿದರು. ಹೆಸರು ಹಿಡಿದೇ ಹೇಳಿದೆ ಎಂದು ಮೇಷ್ಟ್ರು ಸಾಲು ತೋರಿಸಿದರು. ಯಾರೂ ಸೋಲಲಿಲ್ಲ.

ಅತ್ತೆ ಒಳಗೆ ಬಂದದ್ದು ಇಸ್ಮಾಯಿಲರ ತಾಯಿ ಹಾಜಿರಾಳ ಭಾಗಕ್ಕೆ. ಮರಳುಗಾಡಿನಲ್ಲಿ ನೀರಿಲ್ಲದೆ ಮಗುವಿಗಾಗಿ ಹಾಜಿರಾ ಎರಡು ಗುಡ್ಡಗಳ ನಡುವೆ ಏಳು ಸಲ ಓಡಿದಳೆಂದು ನಾವು ಕೇಳಿ ಬೆಳೆದವರು. ಇಲ್ಲಿ ಅವಳು ಮಗುವನ್ನು ಪೊದೆಯ ಕೆಳಗೆ ಮಲಗಿಸಿ, ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕೂತು ಅಳುತ್ತಾಳೆ. ನಾನು ಓದುತ್ತಿದ್ದಂತೆ ಅತ್ತೆ ಅವರೆಕಾಯಿಯ ಮೊರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಓಡ್ಲಿಲ್ವಾ?" ಎಂದರು.

"ಇದರಲ್ಲಿ ಇಲ್ಲ ಅಮ್ಮೀ."

ಅವರು ಮೊರ ಕೆಳಗಿಟ್ಟರು. "ಮೊದಲು ಕೂತು ಅತ್ತಿರ್ಬೇಕು. ಆಮೇಲೆ ಎದ್ದು ಓಡವ್ಳೆ. ಇವರು ಅರ್ಧ ಬರ್ಕೊಂಡವ್ರೆ, ನಾವು ಅರ್ಧ." ಅವತ್ತಿನಿಂದ ಅವರ ಮೊರ ನಡುಮನೆಗೇ ಬಂತು.

ಮೋಶೆಯ ಜನ ಮರಳುಗಾಡಿನಲ್ಲಿ ಕಟ್ಟಿ ಬಿಚ್ಚಿ ಹೊತ್ತೊಯ್ಯುತ್ತಿದ್ದ ದೇವರ ಗುಡಾರದ ಅಳತೆಗಳ ಭಾಗವನ್ನು ನಾನು ಹಾರಿಸಲು ಹೋದೆ. ಮಾವ ಬಿಡಲಿಲ್ಲ. ಇಷ್ಟು ಮೊಳ, ಇಷ್ಟು ಬಳೆ, ಇಷ್ಟು ಕೊಂಡಿ, ಇಷ್ಟು ತಾಮ್ರದ ಬುಡಗಳು. ಮೊಳಕ್ಕೆ ಒಂದೂವರೆ ಅಡಿ ಹಿಡಿದು ಎಲ್ಲವನ್ನೂ ಲೆಕ್ಕ ಹಾಕಿಸಿದರು. "ಒಳ್ಳೇ ಕೆಲ್ಸಗಾರ. ಕೂಡುಗಳನ್ನ ಬಿಚ್ಚಿ ಕಟ್ಟೋ ಅಂಗೆ ಮಾಡವ್ನೆ" ಎಂದು ಸಂತೋಷಪಟ್ಟರು. ಈ ಭಾಗವನ್ನು ಇಷ್ಟು ಆಸೆಯಿಂದ ಕೇಳಿದವರನ್ನು ತಾವು ಚರ್ಚಿನಲ್ಲೂ ಕಂಡಿಲ್ಲವೆಂದು ಮೇಷ್ಟ್ರು ನಕ್ಕರು.

ಆಮೇಲೆ ದಾವೂದರು ಬಂದರು. ಈ ಪುಸ್ತಕದಲ್ಲಿ ದಾವೀದ. ಮಾವ ಇಷ್ಟು ದಿನ ಕಾದದ್ದೇ ಇದಕ್ಕೆ. ಕುರಿ ಕಾಯುವ ಹುಡುಗ ಕವಣೆಕಲ್ಲಿನಿಂದ ರಾಕ್ಷಸಗಾತ್ರದವನನ್ನು ಉರುಳಿಸಿದಾಗ, "ಜಾಲೂತ್ ಬಿದ್ದ!" ಎಂದು ಮಂಚ ಗುದ್ದಿದರು. ಅವನ ಭರ್ಜಿಯ ಕಬ್ಬಿಣ ಎಷ್ಟು ತೂಕವಿತ್ತೆಂಬುದನ್ನು ಎರಡು ಸಲ ಓದಿಸಿದರು. ದಿನಾ ಓದು ಶುರುವಾಗುವ ಮುಂಚೆ ಕೇಳುತ್ತಿದ್ದರು.

"ಕಬ್ಬಿಣ ಮೆತ್ತಗಾಗೋದು ಬಂತಾ?"

"ಇನ್ನೂ ಇಲ್ಲ ಅಬ್ಬಾ."

ಬಂದದ್ದು ಬೇರೆ. ರಾಜ ದಾವೀದ ಸಂಜೆ ಮಾಳಿಗೆಯ ಮೇಲೆ ತಿರುಗಾಡುತ್ತಾ ಸ್ನಾನ ಮಾಡುತ್ತಿದ್ದ ಒಬ್ಬ ಹೆಂಗಸನ್ನು ನೋಡುತ್ತಾನೆ. ಅವಳು ತನ್ನದೇ ಸೈನಿಕನ ಹೆಂಡತಿ. ಮಾವನ ಎದುರು ಸೊಸೆ ಓದುವ ಮಾತೇ ಅದು? ಅಲ್ಲಿಗೇ ಓದು ನಿಲ್ಲಿಸಿದೆ.

"ಯಾಕ್ ನಿಂತೆ? ಓದು."

ಓದಿದೆ. ಅವಳನ್ನು ಕರೆಸಿಕೊಂಡದ್ದು, ಅವಳು ಬಸುರಾದದ್ದು, ಗಂಡನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಲು ಬಿಡಿ ಎಂಬ ಕಾಗದವನ್ನು ಆ ಗಂಡನ ಕೈಯಲ್ಲೇ ಕಳಿಸಿದ್ದು. ಅತ್ತೆಯ ಕೈ ಮೊರದಲ್ಲೇ ನಿಂತಿತ್ತು. ಮಾವ ಕಣ್ಣಿನ ಹಸಿರು ಬಟ್ಟೆ ಎತ್ತಿ ನನ್ನನ್ನೇ ನೋಡಿದರು, ಪುಸ್ತಕ ಬರೆದವಳು ನಾನೇ ಎಂಬಂತೆ.

"ಮುಚ್ಚು" ಎಂದರು.

ಪುಸ್ತಕವನ್ನು ಒಂದು ಒಗೆದ ಬಟ್ಟೆಯಲ್ಲಿ ಸುತ್ತಿಸಿ ಬೀರುವಿನ ಮೇಲಿಡಿಸಿದರು. ಅವತ್ತು ಸಂಜೆ ಚಹಾ ಕುಡಿಯಲಿಲ್ಲ.

ಗುರುವಾರ ಮೇಷ್ಟ್ರು ಬಂದರು. ಮಾವ ಎದ್ದು ಸ್ವಾಗತಿಸಲಿಲ್ಲ.

"ಏನ್ ಮೇಷ್ಟ್ರೇ, ಪೈಗಂಬರರ ಮೇಲೆ ಇಂಥ ಕೆಸರು ಎರಚ್ಬುಟ್ಟವ್ರಲ್ಲ ನಿಮ್ಮೋರು?"

ಮೇಷ್ಟ್ರಿಗೆ ಯಾವ ಭಾಗ ಎಂದು ಹೇಳಬೇಕಾಗಿರಲಿಲ್ಲ. "ನಮ್ಮಲ್ಲಿ ಅವನು ರಾಜ ಸಾಹೇಬ್ರೇ. ಮನುಷ್ಯ. ತಪ್ಪು ಮಾಡಿದ, ಅತ್ತ, ದೇವರು ಕ್ಷಮಿಸಿದ. ನಮ್ಮ ಗ್ರಂಥ ಯಾರ ತಪ್ಪನ್ನೂ ಮುಚ್ಚಿಡೋದಿಲ್ಲ."

"ಅಲ್ಲಾಹ್ ಆರಿಸ್ಕೊಂಡೋರು ಇಂಗಿದ್ರೆ ನಾವು ಯಾರ್ನ ನೋಡಿ ನಡೀಬೇಕು? ನನ್ನ ಅಂಗಡೀಲಿ ಕೆಲ್ಸಕ್ಕಿರೋನೂ ಅಂಥ ಕೆಲ್ಸ ಮಾಡಕ್ಕಿಲ್ಲ."

"ಮಾಡೋದಿಲ್ಲ ಅಂತ ಹೇಗೆ ಹೇಳ್ತೀರಿ? ಯಾರು ಬೇಕಾದರೂ ಮಾಡಬಹುದು. ಅದೇ ಅಲ್ಲವೇ ಆ ಕಥೆ?"

"ಅದು ಕಥೆ ಅಲ್ಲ, ಸುಳ್ಳು!"

ಸುಳ್ಳು ಎಂಬ ಮಾತು ಮೇಷ್ಟ್ರಿಗೆ ತಾಗಿತು. ಅದು ಅವರ ಹೆಂಡತಿ ದಿನಾ ಓದುತ್ತಿದ್ದ ಪುಸ್ತಕ. ಛತ್ರಿ ತೆಗೆದುಕೊಂಡು, "ಬರ್ತೀನಮ್ಮಾ" ಎಂದು ನನಗೆ ಮಾತ್ರ ಹೇಳಿ ಹೊರಟರು. ನಾನು ತಂದ ಚಹಾ ತಟ್ಟೆಯಲ್ಲೇ ಉಳಿಯಿತು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಮಾವ ಮಸೀದಿಯ ಹಜ್ರತರನ್ನು ಕೇಳಿದರು. ನಮಾಜು ಮಾಡಿಸುವ ಗುರುಗಳನ್ನೂ ನಮ್ಮಲ್ಲಿ ಗೌರವಕ್ಕೆ ಹಜ್ರತ್ ಎಂದೇ ಕರೆಯುತ್ತಾರೆ. ಬೈದಾರೆಂದು ನಾನು ಹೆದರಿದ್ದೆ. ಅವರು ಬೈಯಲಿಲ್ಲ. ಅವರ ಗ್ರಂಥದಲ್ಲಿ ನಮ್ಮ ಕುರಾನಿಗೆ ಹೊಂದುವುದನ್ನು ಒಪ್ಪು, ವಿರುದ್ಧವಾದದ್ದನ್ನು ಬಿಡು, ಎರಡೂ ಅಲ್ಲದ್ದನ್ನು ಹೌದೂ ಎನ್ನಬೇಡ, ಸುಳ್ಳೂ ಎನ್ನಬೇಡ ಎಂದು ಹಿರಿಯರು ಹೇಳಿದ ದಾರಿಯನ್ನು ತಿಳಿಸಿದರಂತೆ. ಮಾವ ಬಂದು ಅದನ್ನು ನಮಗೆ ಒಪ್ಪಿಸಿ, "ದಾವೂದರ ವಿಷ್ಯ ಎರಡನೇದು. ಬುಡಬೇಕು, ಅಷ್ಟೇ. ಕೇಳಿದ್ದು ತಪ್ಪಲ್ಲ" ಎಂದರು.

"ಹಂಗಾದ್ರೆ ಮೇಷ್ಟ್ರಿಗೆ ಒಂದು ಕಾಗದ ಬರೀಲಾ ಅಬ್ಬಾ?"

"ಅವ್ರಲ್ವಾ ಎದ್ದೋದೋರು?" ಎಂದು ಗೋಡೆಯ ಕಡೆ ತಿರುಗಿದರು.

ಹೀಗಿರುವಾಗ ಒಂದು ಶುಕ್ರವಾರ ನಮ್ಮ ಮನೆಯವರು ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಒಳಗೆ ವಯಸ್ಸಾದ ಗಂಡ ಹೆಂಡತಿ. ಮೈಸೂರಿನ ಲಾಡ್ಜಿನಿಂದ ಹೊಸಹೊಳಲಿನ ದೇವಸ್ಥಾನ ನೋಡಲು ಬಾಡಿಗೆಗೆ ಹಿಡಿದಿದ್ದರಂತೆ. ಅವರು ಕೆತ್ತನೆ ನೋಡುವಷ್ಟರಲ್ಲಿ ಇವರು ಕೆ.ಆರ್. ಪೇಟೆಯಲ್ಲಿ ಜುಮ್ಮಾ ನಮಾಜು ಮುಗಿಸಿ ಬಂದಿದ್ದರು. ದಾರಿಯಲ್ಲಿ ಮಾತಾಡುತ್ತಾ ಗೊತ್ತಾಯಿತು. ಅವರು ಯಹೂದಿಗಳು. ಹುಟ್ಟಿದ್ದು ಕೊಚ್ಚಿಯ ಕಡೆ, ಚಿಕ್ಕ ವಯಸ್ಸಿನಲ್ಲೇ ಇಸ್ರೇಲಿಗೆ ಹೋಗಿ ನೆಲೆಸಿದವರು, ಇಷ್ಟು ವರ್ಷದ ಮೇಲೆ ಊರು ನೋಡಲು ಬಂದಿದ್ದಾರೆ. ಆಕೆಯ ಬಾಯಲ್ಲಿ ಇನ್ನೂ ಚೊಕ್ಕ ಮಲಯಾಳ. ನಮ್ಮ ಮನೆಯವರು ಕಲ್ಲಿಕೋಟೆಗೆ ಲೋಡು ಹೊಡೆದ ಕಾಲದಿಂದ ಮಲಯಾಳ ಬಲ್ಲವರು.

"ಅಬ್ಬಾಗೆ ತೋರ್ಸೋಣ ಅಂತ ಕರ್ಕೊಂಡ್ ಬಂದೆ" ಎಂದು ನನ್ನ ಕಿವಿಯಲ್ಲಿ ಹೇಳಿದರು, ಹೊಸ ಎತ್ತು ತಂದವರ ಹಾಗೆ.

ಅತ್ತೆ ಗಾಬರಿಯಾದರು. ಕೋಳಿ ಕುಯ್ಯಿಸಲೇ ಎಂದು ಕೇಳಿದರೆ ಆಕೆ ನಗುತ್ತಾ ಕೈಮುಗಿದು, ಮಾಂಸ ಬೇಡ, ಹಣ್ಣು ಮತ್ತು ಹಾಲಿಲ್ಲದ ಚಹಾ ಸಾಕು ಎಂದರು. "ಇವರ ಹಲಾಲು ನಮ್ಮದಕ್ಕಿಂತ ಬಿಗಿ ಕಣೇ" ಎಂದು ಮಾವ ಮೆಚ್ಚುಗೆಯಿಂದ ವಿವರಿಸಿದರು. ಸೂರ್ಯ ಮುಳುಗುವಷ್ಟರಲ್ಲಿ ಅವರು ಮೈಸೂರು ಸೇರಬೇಕಿತ್ತು. ಅಷ್ಟು ಹೊತ್ತಿಗೆ ಅವರ ಸಬ್ಬತ್ತು ಶುರುವಾಗುತ್ತದೆ, ಆಮೇಲೆ ಶನಿವಾರ ಸಂಜೆಯವರೆಗೂ ಗಾಡಿ ಹತ್ತುವುದಿಲ್ಲ, ಒಲೆ ಹಚ್ಚುವುದಿಲ್ಲ.

ಮಾವನಿಗೆ ನೋಟುಬುಕ್ಕಿನ ಮೊದಲ ತಕರಾರು ನೆನಪಾಯಿತು. ದೇವರಿಗೆ ದಣಿವುಂಟೇ ಎಂದು ಕೇಳಿಸಿದರು. ಆಕೆಯೇ ಉತ್ತರ ಕೊಟ್ಟರು. ಹಬ್ಬದ ಅಡುಗೆ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಾಡಿಟ್ಟಿದ್ದನ್ನೆಲ್ಲ ಒಮ್ಮೆ ನೋಡಿ ಕೂರುತ್ತೀವಲ್ಲ, ಅದು ದಣಿವಲ್ಲ, ಕೆಲಸ ಚೆನ್ನಾಗಾಯಿತು ಎಂಬ ಕೂರುವಿಕೆ, ಎಂದರು. ಅತ್ತೆ ಜೋರಾಗಿ ತಲೆಯಾಡಿಸಿದರು. ಮಾವ ಅರ್ಧ ತಲೆಯಾಡಿಸಿದರು.

ಆಮೇಲೆ ಗಂಟಲು ಸರಿಮಾಡಿಕೊಂಡು ದಾವೂದರ ಮಾತು ತೆಗೆದರು. "ಕೇಳು ಅವರ್ನ. ಅವರದೇ ರಾಜ, ಅವರದೇ ಪುಸ್ತಕ. ಆ ಹೆಂಗ್ಸಿನ ವಿಷ್ಯ ನಿಜವಾ?"

ಆ ಹಿರಿಯರು ಧರ್ಮಗ್ರಂಥ ಚೆನ್ನಾಗಿ ಓದಿಕೊಂಡವರು. ಚಹಾದ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದರು, ನಮ್ಮ ಮನೆಯವರು ತುಂಡು ತುಂಡಾಗಿ ಕನ್ನಡ ಮಾಡಿದರು. ಗ್ರಂಥದಲ್ಲಿ ಹಾಗೆ ಬರೆದಿರುವುದು ನಿಜ. ಆದರೆ ಅವರ ಪುರಾತನ ಪಂಡಿತರಲ್ಲೇ ಒಬ್ಬರು, ದಾವೀದ ಪಾಪ ಮಾಡಿದನೆಂದು ತಿಳಿಯುವವರು ತಪ್ಪು ತಿಳಿದವರು ಎಂದು ವಾದಿಸಿದ್ದಾರಂತೆ. ಆ ಕಾಲದಲ್ಲಿ ಸೈನಿಕರು ಯುದ್ಧಕ್ಕೆ ಹೊರಡುವ ಮುಂಚೆ ಹೆಂಡತಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟು ಹೋಗುತ್ತಿದ್ದರು, ಆದ್ದರಿಂದ ಅವಳು ಪರರ ಹೆಂಡತಿಯಾಗಿರಲಿಲ್ಲ ಎಂದು.

ಮಾವ ಮಂಚದಿಂದ ಎದ್ದೇ ನಿಂತರು. "ತಲಾಖ್ ಪತ್ರ! ನೋಡ್ದಾ? ನಾನ್ ಹೇಳ್ಲಿಲ್ವಾ?" ಅವರು ಅಂಥದ್ದೇನೂ ಹೇಳಿರಲಿಲ್ಲ.

ಅಷ್ಟರಲ್ಲಿ ಆಕೆ ಗಂಡನ ಕಡೆ ತಿರುಗಿ ಚುರುಕಾಗಿ ಏನೋ ಅಂದರು. ನಮ್ಮ ಮನೆಯವರು ಅನುವಾದಿಸಲು ಹಿಂಜರಿದರು. "ಏನಂದ್ರು?" ಎಂದು ಅತ್ತೆ ಬಿಡಲಿಲ್ಲ.

"ಇದೆಲ್ಲ ಗಂಡಸ್ರ ವಕೀಲಿಕೆ. ಪತ್ರ ಇದ್ದರೂ ಆ ಗಂಡ ಸತ್ತಿದ್ದು ಸತ್ತಿದ್ದೇ, ಅಂತವ್ರೆ."

ಅತ್ತೆ ಎದ್ದು ಹೋಗಿ ಆಕೆಯ ತಟ್ಟೆಗೆ ಇನ್ನೆರಡು ಬಾಳೆಹಣ್ಣು ಇಟ್ಟರು.

ಕಬ್ಬಿಣ ಮೆತ್ತಗಾದ ಮಾತು ಅವರಲ್ಲಿ ಇಲ್ಲವಂತೆ. ದಾವೀದನ ಹಾಡಿನ ಮಾತು ಮಾತ್ರ ಬೇಕಾದಷ್ಟಿದೆ ಎಂದು ಹಿರಿಯರು ಹೇಳಿದರು. ದಾವೂದರು ಹಾಡಿದರೆ ಬೆಟ್ಟಗಳೂ ಹಕ್ಕಿಗಳೂ ದನಿಗೂಡಿಸುತ್ತಿದ್ದವೆಂದು ನಮ್ಮಲ್ಲೂ ಇದೆಯೆಂದು ಮಾವ ಹೇಳಿದರು. ಹೊರಡುವಾಗ ಅವರು ಅವರ ಭಾಷೆಯಲ್ಲಿ ಶಾಂತಿ ಕೋರಿದರು, ಮಾವ ಅರಬ್ಬಿಯಲ್ಲಿ. ಎರಡು ಮಾತೂ ಅಕ್ಕತಂಗಿಯರಂತೆ ಕೇಳಿದವು.

ಕಾರು ತಿರುವು ದಾಟುವ ಮೊದಲೇ ಮಾವ ಕೇಳಿದರು. "ಭಾನುವಾರ ಶ್ರೀರಂಗಪಟ್ಟಣಕ್ಕೆ ಬಸ್ಸು ಎಷ್ಟೊತ್ತಿಗೆ?"

ನಾನೇ ಕರೆದುಕೊಂಡು ಹೋದೆ. ಮೇಷ್ಟ್ರು ಹೋಗುವ ಚರ್ಚನ್ನು ಕೇಳಿ ಪತ್ತೆ ಮಾಡಿದೆವು. ಒಳಗೆ ಹಾಡು ನಡೆಯುತ್ತಿತ್ತು. ಎದುರಿನ ಹೊಂಗೆ ಮರದ ನೆರಳಲ್ಲಿ ಮಾವ ಟೋಪಿ ಸರಿಮಾಡಿಕೊಳ್ಳುತ್ತಾ ನಿಂತರು. ಮುಗಿಸಿ ಬಂದವರೆಲ್ಲ ನಮ್ಮನ್ನು ಒಂದು ಸಲ ನೋಡಿ ಹೋದರು. ಕೊನೆಯಲ್ಲಿ ಮೇಷ್ಟ್ರು ಬಂದರು. ಇಬ್ಬರ ಮೂಗಿನ ಮೇಲೂ ಆಸ್ಪತ್ರೆ ಕೊಟ್ಟ ಒಂದೇ ಥರದ ಕಪ್ಪು ಕನ್ನಡಕ.

"ಏನ್ ಸಾಹೇಬ್ರೇ, ಇಷ್ಟು ದೂರ?"

"ನಮ್ಮನೇಗೆ ಯಹೂದಿಗಳು ಬಂದಿದ್ರು" ಎಂದು ಮಾವ ಸಲಾಮನ್ನೂ ಮರೆತು ಶುರುಮಾಡಿದರು. ತಲಾಖ್ ಪತ್ರದ ವಾದವನ್ನು ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಹೇಳಿ, ಅಲ್ಲಿಗೆ ನಿಲ್ಲಿಸಿದರು. ನನಗೆ ಸುಮ್ಮನಿರಲಾಗಲಿಲ್ಲ.

"ಅವರ ಹೆಂಡತಿ ಹೇಳಿದ್ದು ಬಿಟ್ಟುಬಿಟ್ರಿ ಅಬ್ಬಾ" ಎಂದು ಅದನ್ನೂ ಹೇಳಿದೆ. ಮಾವ ನನ್ನ ಕಡೆ ನೋಡಿದ ನೋಟ ಕಪ್ಪು ಕನ್ನಡಕದೊಳಗಿಂದಲೂ ಗೊತ್ತಾಯಿತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಮರದ ಕಟ್ಟೆಯ ಮೇಲೆ ಕೂತರು. "ನಾನು ಒಪ್ಪೋದಿಲ್ಲ ಸಾಹೇಬ್ರೇ. ಯಾಕೆ ಅಂತ ಹೇಳ್ತೀನಿ. ಮೂವತ್ತರ ವಯಸ್ಸಲ್ಲಿ ನಾನು ವಿಪರೀತ ಕುಡೀತಿದ್ದೆ. ಕುಡಿದೇ ಶಾಲೆಗೆ ಹೋಗ್ತಿದ್ದೆ. ಹೆಂಡತಿ ತವರಿಗೆ ಹೊರಟುಹೋಗಿದ್ದಳು. ಆವಾಗ ಆ ದಾವೀದ ತಪ್ಪು ಮಾಡಿ ಅತ್ತದ್ದನ್ನ ಓದಿದೆ. ಅಂಥವನೇ ಬಿದ್ದು ಎದ್ದ ಅಂತ ಇದ್ದದ್ದಕ್ಕೇ ನನಗೂ ಏಳೋಕೆ ಧೈರ್ಯ ಬಂತು. ನೀವು ಅವನು ಬೀಳಲೇ ಇಲ್ಲ ಅಂದುಬಿಟ್ಟರೆ ನನ್ನ ಗತಿ ಏನು?"

ಮಾವ ಮೇಷ್ಟ್ರ ಪಕ್ಕದಲ್ಲಿ ಕೂತರು. "ನಂಗೆ ಗೊತ್ತಿರ್ಲಿಲ್ಲ. ಸುಳ್ಳು ಅಂದ್ಬುಟ್ಟೆ, ಆ ಮಾತು ವಾಪಸ್ ತಗೊಂಡೆ. ಆದ್ರೆ ಮೇಷ್ಟ್ರೇ, ನಂಗೆ ಬೀಳ್ದೇ ಇರೋ ದಾವೂದರೇ ಬೇಕು. ದಿನಾ ಅವರ ಹೆಸ್ರು ಹೇಳ್ಕೊಂಡು ಬೆಂಕಿ ಮುಟ್ಟೋನು ನಾನು."

"ಇಟ್ಕೊಳ್ಳಿ" ಎಂದರು ಮೇಷ್ಟ್ರು. "ನನ್ನವನನ್ನ ನನಗೆ ಬಿಡಿ."

ಅವರ ಮನೆಯಲ್ಲಿ ಉಪ್ಪಿಟ್ಟು ತಿಂದು ಮಧ್ಯಾಹ್ನದ ಬಸ್ಸಿಗೆ ವಾಪಸಾದೆವು. ಬೀರುವಿನ ಮೇಲಿಂದ ಪುಸ್ತಕ ಇಳಿಯಿತು, ಗುರುವಾರಗಳು ಮತ್ತೆ ಶುರುವಾದವು. ಮಾವನಿಗೆ ಹೊ‍ಸ ಕನ್ನಡಕ ಬಂದು ಅಂಗಡಿಗೆ ಹೋಗತೊಡಗಿದ ಮೇಲೂ ಓದು ನಿಲ್ಲಲಿಲ್ಲ, ಹೊತ್ತು ಮಾತ್ರ ಸಂಜೆಗೆ ಹೋಯಿತು.

ಈಸಾರ ಭಾಗ ಬರುವಷ್ಟರಲ್ಲಿ ವರ್ಷವೇ ಕಳೆದಿತ್ತು. ಮರ್ಯಮರ ಹೆರಿಗೆಯನ್ನು ಅತ್ತೆ ಇಂಚಿಂಚೂ ವಿಚಾರಿಸಿದರು. ನಮ್ಮಲ್ಲಿ ಆಕೆ ಖರ್ಜೂರದ ಮರದ ಬುಡಕ್ಕೊರಗಿ ಒಬ್ಬಳೇ ಹೆರುತ್ತಾಳೆ, ಇವರಲ್ಲಿ ಕೊಟ್ಟಿಗೆಯಲ್ಲಿ, ಜೊತೆಗೆ ಯೋಸೇಫನೆಂಬ ಗಂಡ. "ಗಂಡ ಇದ್ದು ಒಂದು ಜಾಗ ಹುಡುಕಕ್ಕಾಗ್ಲಿಲ್ವಂತಾ?" ಎಂದು ಬೇಸರಪಟ್ಟರು.

ಶಿಲುಬೆಯ ಭಾಗವನ್ನು ನಾನು ಓದುವುದು ಬೇಡ, ತಾವೇ ಓದುತ್ತೇನೆಂದು ಮೇಷ್ಟ್ರು ಆ ಗುರುವಾರ ಪುಸ್ತಕ ಕೈಗೆ ತೆಗೆದುಕೊಂಡರು. ಈಸಾರನ್ನು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ, ನೋಡಿದವರಿಗೆ ಹಾಗೆ ಕಂಡಿತಷ್ಟೆ, ಅಲ್ಲಾಹನು ಅವರನ್ನು ಮೇಲಕ್ಕೆ ಎತ್ತಿಕೊಂಡ ಎಂಬುದು ನಮ್ಮ ನಂಬಿಕೆ. ಎರಡು ಧರ್ಮಗಳು ಇದಕ್ಕಿಂತ ದೂರವಾಗುವ ಜಾಗ ಇನ್ನೊಂದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಮೆಲ್ಲಗೆ ಓದಿದರು, ಮಾವ ಒಮ್ಮೆಯೂ ತಡೆಯಲಿಲ್ಲ. ನನ್ನ ನೋಟುಬುಕ್ಕು ಖಾಲಿಯೇ ಉಳಿಯಿತು.

"ನಾನು ನಂಬಾಕಿಲ್ಲ ಮೇಷ್ಟ್ರೇ" ಎಂದರು ಮಾವ, ಓದು ಮುಗಿದ ಮೇಲೆ. "ಆದ್ರೆ ನೀವು ಓದಿದ್ನ ಪೂರಾ ಕೇಳ್ದೆ."

"ಅಷ್ಟು ಸಾಕು."

ಅತ್ತೆ ಚಹಾ ತಂದಿಟ್ಟರು. "ಅವರ ತಾಯಿ ಅಲ್ಲೇ ನಿಂತಿದ್ರು ಅಂತ ಓದಿದ್ರಲ್ಲ ಮೇಷ್ಟ್ರೇ?"

"ಹೌದಮ್ಮಾ, ಶಿಲುಬೆಯ ಬುಡದಲ್ಲೇ ನಿಂತಿದ್ದಳು."

ಅತ್ತೆ ಮಾವನ ಕಡೆ ತಿರುಗಿದರು. "ನಮ್ಮ ಪ್ರಕಾರ ಅಲ್ಲಿ ಸತ್ತಿದ್ದು ಈಸಾ ಅಲ್ಲ, ಎಲ್ಲಾರ್ಗೂ ಅಂಗೆ ಕಾಣಿಸ್ತು. ಅಲ್ವಾ? ಆ ತಾಯಿಗೂ ಅಂಗೇ ಕಾಣಿಸ್ತಾ, ಇಲ್ಲಾ ಅವ್ರಿಗೆ ಗೊತ್ತಿತ್ತಾ?"

ಮಾವ ಮೇಷ್ಟ್ರನ್ನು ನೋಡಿದರು, ಮೇಷ್ಟ್ರು ಮಾವನನ್ನು. ಮಾರನೇ ದಿನ ಜುಮ್ಮಾ ಆದ ಮೇಲೆ ಮಾವ ಹಜ್ರತರನ್ನು ಕೇಳಿದರು. ಅವರು ಎರಡು ದಿನ ಕಿತಾಬುಗಳನ್ನು ತಿರುವಿ, ಇದು ತಮಗೆ ತಿಳಿಯದು, ಯಾರೂ ಇದುವರೆಗೆ ಕೇಳಿರಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡರಂತೆ.

ಮಾವ ಅದನ್ನು ಬಂದು ಹೇಳಿದಾಗ ಅತ್ತೆ ಸೊಪ್ಪು ಸೋಸುತ್ತಿದ್ದರು.

"ಅಲ್ಲಾಹ್ ಮೊದಲೇ ಕಿವೀಲಿ ಹೇಳಿರ್ತಾನೆ ಬುಡಿ" ಎಂದರು. "ತಾಯಿ ಅಲ್ವಾ."